ಮೂಕರ ಪತ್ರಿಕೆಯಿಂದ ನಾಗಸೇನವನಕ್ಕೆ

ಬಾಬಾಸಾಹೇಬ ಅಂಬೇಡ್ಕರ್ ಅಂದ ಕೂಡಲೇ ಸಂವಿಧಾನ ನೆನಪಾಗುತ್ತೆ. ಸರಿಯೇ. ಆದರೆ ಸಾಹಿತ್ಯ ಓದುವ ನಮಗೆ ಅವರ ಇನ್ನೊಂದು ಕಸುಬೂ ಗೊತ್ತಿರಬೇಕು ಗೆಳೆಯರೇ: ಅವರು ಪತ್ರಿಕೆ ನಡೆಸಿದವರು.

1891ರಲ್ಲಿ ಮಹೂವಿನಲ್ಲಿ ಹುಟ್ಟಿ, ಅಮೆರಿಕೆಯಲ್ಲಿ ಓದಿ ಬಂದ ಈ ತರುಣ 1920ರ ಜನವರಿ 31ರಂದು ಮುಂಬಯಿಯಲ್ಲಿ 'ಮೂಕನಾಯಕ' ಪಾಕ್ಷಿಕವನ್ನು ಹೊರಡಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ಅಂಬೇಡ್ಕರರು ಆಗ ಸಿಡೆನ್‌ಹ್ಯಾಂ ಕಾಲೇಜಿನ ಪ್ರಾಧ್ಯಾಪಕರು. ಸಂಪಾದಕರ ಜಾಗದಲ್ಲಿ ಪಾಂಡುರಂಗ ನಂದರಾಮ ಭಟಕರ ಎಂಬುವರ ಹೆಸರಿತ್ತು. ಹಣ ಕೊಡ್ತೀವಿ ಅಂದರೂ 'ಕೇಸರಿ' ಇದರ ಜಾಹೀರಾತು ಹಾಕಲಿಲ್ಲ. ಅದೇ ವರ್ಷ ಅವರು ಓದಲು ಲಂಡನ್ನಿಗೆ ಹೊರಟರು, ಪತ್ರಿಕೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಬಿಡಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ' ಶುರುವಾಯಿತು. ಅದರ ಅಂಕಣಗಳನ್ನು ಬಹುಪಾಲು ತಾವೊಬ್ಬರೇ ಬರೆದು ತುಂಬುತ್ತಿದ್ದರು. ಲೇಖನ ಬರಲಿಲ್ಲ ಅಂತ ನಾವೂ ಪ್ರತಿ ಸಂಚಿಕೆಗೆ ಗೊಣಗುತ್ತೇವೆ, ಅಲ್ಲವೇ? ಅಲ್ಲಿ ಕಾರಣ ಬೇರೆ. ಬರೆಯಬೇಕಾದವರಲ್ಲಿ ಎಷ್ಟೋ ಮಂದಿಯನ್ನು ಶಾಲೆಯೊಳಗೇ ಬಿಟ್ಟಿರಲಿಲ್ಲ.

ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ 1930ರ ಮಾರ್ಚ್ 2ರಂದು ಸತ್ಯಾಗ್ರಹ ಶುರುವಾಯಿತು. ದಾದಾಸಾಹೇಬ ಗಾಯಕವಾಡರು ಊರಲ್ಲಿ ನಿಂತು ನಡೆಸಿದರು. ವರ್ಷಗಟ್ಟಲೆ ಕಾದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಅದೇ ಜಿಲ್ಲೆಯ ಯೇವಲೆಯಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು.

ಆ ಬಾಗಿಲಿಗಿಂತ ದೊಡ್ಡ ಬಾಗಿಲನ್ನು ಅವರೇ ತೆರೆದರು ಅನ್ನೋದು ನನ್ನ ಎಣಿಕೆ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿ, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆದರು. (2023ರಿಂದ ಊರಿನ ಹೆಸರು ಛತ್ರಪತಿ ಸಂಭಾಜಿನಗರ.) ನಿಜಾಮರ ಆಳ್ವಿಕೆಯಲ್ಲಿದ್ದ ಮರಾಠವಾಡದ ಹಳ್ಳಿ ಹುಡುಗರಿಗೆ ಕಾಲೇಜು ಅಂದರೆ ದೂರದ ಮಾತಾಗಿತ್ತು. ಕಾಲೇಜಿಗೆ ಮಿಲಿಂದ ಎಂದು ಹೆಸರಾಯಿತು, ಬಯಲಿಗೆ ನಾಗಸೇನವನ ಎಂದು. ಮಿಲಿಂದ ಪ್ರಶ್ನೆ ಕೇಳಿದ ಗ್ರೀಕ್ ಅರಸು, ನಾಗಸೇನ ಉತ್ತರ ಕೊಟ್ಟ ಭಿಕ್ಷು. ಕಾಲೇಜಿಗೆ ಪ್ರಶ್ನೆ ಕೇಳುವವನ ಹೆಸರಿಟ್ಟದ್ದು ನನಗೆ ಬಹಳ ಹಿಡಿಸಿತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಡಿಸೆಂಬರ್ 6ರಂದು ದಿಲ್ಲಿಯಲ್ಲಿ ತೀರಿಕೊಂಡರು.

ಅಂಕಣ ತುಂಬುವ ಕೈಗಳು ಆಮೇಲೆ ಬಂದವು. ಮಿಲಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗಂಗಾಧರ ಪಾನತಾವಣೆಯವರು ಅರವತ್ತರ ದಶಕದ ಕೊನೆಗೆ 'ಅಸ್ಮಿತಾದರ್ಶ' ತ್ರೈಮಾಸಿಕ ಆರಂಭಿಸಿದರು. ಹೆಸರೇ ಕೇಳಿರದ ಹುಡುಗರ ಕವಿತೆ, ಕಥೆ, ಆತ್ಮಕಥನಗಳು ಅದರಲ್ಲಿ ಅಚ್ಚಾದವು. ಆ ಲೇಖಕರನ್ನೆಲ್ಲ ಒಂದೆಡೆ ಸೇರಿಸುವ ಮೇಳಾವಗಳೂ ನಡೆದವು. 2018ರಲ್ಲಿ ತೀರಿಕೊಳ್ಳುವವರೆಗೂ ಪಾನತಾವಣೆಯವರ ಹೆಸರು ಆ ಪತ್ರಿಕೆಯೊಂದಿಗೇ ಸೇರಿಕೊಂಡಿತ್ತು.