ಬೀರು ಉದ್ಯಮಿ ಅಡಾಲ್ಫಸ್ ಬುಷ್

ಜರ್ಮನಿಯ ರೈನ್ ನದಿಯ ದಂಡೆಯಲ್ಲಿ, ಮೈನ್ಝ್ ಪಟ್ಟಣದ ಎದುರಿಗೆ, ಕಾಸ್ಟೆಲ್ ಎಂಬ ಊರಿದೆ. ಅಲ್ಲಿಯ ಅನುಕೂಲಸ್ಥ ಮನೆತನವೊಂದರಲ್ಲಿ ೧೮೩೯ನೆಯ ಇಸವಿಯ ಜುಲೈ ೧೦ರಂದು ಅಡಾಲ್ಫಸ್ ಬುಷ್ ಜನಿಸಿದನು. ಇಪ್ಪತ್ತೆರಡು ಮಕ್ಕಳಲ್ಲಿ ಆತನು ಇಪ್ಪತ್ತೊಂದನೆಯವನು. ಅಷ್ಟು ಮಂದಿಯ ನಡುವೆ ಹಂಚಿಹೋಗುವ ಆಸ್ತಿಯನ್ನು ನಂಬಿ ಕುಳಿತುಕೊಳ್ಳದೆ, ೧೮೫೭ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿಯೇ, ಆತನು ಅಮೇರಿಕೆಗೆ ಹೊರಟನು. ಮಿಸಿಸಿಪ್ಪಿ ನದಿಯ ಮೇಲಿನ ಸೇಂಟ್ ಲೂಯಿ ನಗರದಲ್ಲಿ ಆತನಿಗೆ ಮೊದಲು ದೊರೆತದ್ದು ಗುಮಾಸ್ತಿಕೆ.

ತಂದೆಯು ತೀರಿಕೊಂಡ ತರುವಾಯ ಕೈಸೇರಿದ ಪಾಲಿನ ಹಣವನ್ನು ಆತನು ಬೀರು ತಯಾರಕರಿಗೆ ಬೇಕಾದ ಸಾಮಗ್ರಿಗಳ ವ್ಯಾಪಾರದಲ್ಲಿ ತೊಡಗಿಸಿದನು. ಎಬರ್‌ಹಾರ್ಡ್ ಅನ್ಹೈಸರ್ ಎಂಬ ಸಾಬೂನು ತಯಾರಕನು ೧೮೬೦ರಲ್ಲಿ ಸೋತು ನಿಂತಿದ್ದ ಬೀರು ಕಾರಖಾನೆಯೊಂದನ್ನು ವಹಿಸಿಕೊಂಡಿದ್ದನು. ಆತನ ಮಗಳು ಲಿಲ್ಲಿಯನ್ನು ಅಡಾಲ್ಫಸನು ೧೮೬೧ರಲ್ಲಿ ವರಿಸಿದನು. ಕೆಲವೇ ವರ್ಷಗಳಲ್ಲಿ ಮಾವನ ಕಾರಖಾನೆಯನ್ನೂ ಸೇರಿದನು.

ಆ ಕಾಲದ ಬೀರು ದೂರ ಪ್ರಯಾಣವನ್ನು ತಾಳುತ್ತಿರಲಿಲ್ಲ. ಬೇಸಗೆಯಲ್ಲಿ ಹಾಲನ್ನು ಕಾಯ್ದುಕೊಳ್ಳುವ ಕಷ್ಟವನ್ನು ಬಲ್ಲ ನಮ್ಮ ಹೋಟೆಲು ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಫ್ರಾನ್ಸಿನ ವಿಜ್ಞಾನಿ ಪಾಶ್ಚರನು ಕಂಡುಹಿಡಿದ ಹದವಾಗಿ ಕಾಯಿಸುವ ವಿಧಾನವನ್ನು ಅಡಾಲ್ಫಸನು ೧೮೭೦ರ ದಶಕದಲ್ಲಿ ಬಾಟಲಿಯ ಬೀರಿಗೆ ಅಳವಡಿಸಿದನು. ರೈಲುಮಾರ್ಗದ ಉದ್ದಕ್ಕೂ ಬರ್ಫದ ಉಗ್ರಾಣಗಳನ್ನು ಕಟ್ಟಿಸಿದನು. ತಣ್ಣಗಿರುವ ರೈಲು ಡಬ್ಬಿಗಳನ್ನು ಓಡಿಸಿದನು. ೧೮೭೬ರಲ್ಲಿ ಮಿತ್ರನಾದ ಕಾರ್ಲ್ ಕಾನ್ರಾಡನೊಡನೆ ಹೊರತಂದ 'ಬಡ್ವೈಸರ್' ಹೀಗೆ ದೂರದ ಊರುಗಳನ್ನೂ ಮುಟ್ಟಿತು. ೧೮೭೯ರಲ್ಲಿ ಅಳಿಯನ ಹೆಸರೂ ಕಾರಖಾನೆಯ ಹೆಸರಿನೊಂದಿಗೆ ಕೂಡಿತು. ಮರುವರ್ಷ ಮಾವನು ಕಾಲವಾಗಲು ಆತನೇ ಅಧ್ಯಕ್ಷನಾದನು. ಹೊಸ ಯಂತ್ರಗಳ ಮೇಲಿನ ಆಸಕ್ತಿಯಿಂದ ಡೀಸೆಲ್ ಎಂಜಿನಿನ ಅಮೇರಿಕೆಯ ಹಕ್ಕುಗಳನ್ನೂ ಕೊಂಡನು.

೧೯೧೩ರ ಅಕ್ಟೋಬರ್ ೧೦ರಂದು ಅಡಾಲ್ಫಸನು ಜರ್ಮನಿಯಲ್ಲಿಯೇ ತೀರಿಕೊಂಡನು. ಆದರೆ ಆತನ ಶರೀರಕ್ಕೆ ಮಣ್ಣು ದೊರೆತದ್ದು ಅನ್ನವಿತ್ತ ಸೇಂಟ್ ಲೂಯಿಯಲ್ಲಿ.

ನಿಜವಾದ ಪರೀಕ್ಷೆಯು ಮಗನಾದ ಆಗಸ್ಟನಿಗೆ ಕಾದಿತ್ತು. ೧೯೨೦ರಲ್ಲಿ ಅಮೇರಿಕೆಯಲ್ಲೆಲ್ಲ ಪಾನನಿರೋಧವು ಜಾರಿಗೆ ಬಂದಿತು. ಎಷ್ಟೋ ಬೀರು ಕಾರಖಾನೆಗಳ ಬಾಗಿಲು ಮುಚ್ಚಿದವು. ದುಡಿಯುವವರು ಬೀದಿಗೆ ಬಿದ್ದರು. ಬುಷ್ ಮನೆತನವು ಬಾಗಿಲು ಹಾಕಲಿಲ್ಲ. ಬರ್ಫದ ವಿದ್ಯೆಯಿಂದ ಐಸ್‌ಕ್ರೀಮು, ಹುದುಗಿನ ವಿದ್ಯೆಯಿಂದ ಬ್ರೆಡ್ಡಿನ ಯೀಸ್ಟು, ಮೊಳಕೆ ಧಾನ್ಯದಿಂದ ಪಾಕ, ಗಾಡಿಯ ಕಾರ್ಯಾಗಾರದಿಂದ ಟ್ರಕ್ಕಿನ ಕಟ್ಟುಗಳು – ಇವುಗಳನ್ನು ತಯಾರಿಸಿ ಹದಿಮೂರು ವರ್ಷ ಕಾರಖಾನೆಯನ್ನು ಉಳಿಸಿಕೊಂಡಿತು. ೧೯೩೩ರ ಏಪ್ರಿಲ್ ೭ರಂದು ಬೀರಿಗೆ ಮತ್ತೆ ಅನುಮತಿ ದೊರೆಯಿತು. ಮರುವರ್ಷವೇ ಆಗಸ್ಟನು ತೀರಿಹೋದನು. ಮೊಮ್ಮಗ ಗಸ್ಸಿಯ ಕಾಲದಲ್ಲಿ, ೧೯೫೭ರಲ್ಲಿ, ಸಂಸ್ಥೆಯು ಅಮೇರಿಕೆಯ ಬೀರು ತಯಾರಕರಲ್ಲಿ ಮೊದಲ ಸ್ಥಾನಕ್ಕೇರಿತು.

ಕಾನೂನಿನ ಹೊಡೆತವನ್ನು ತಾಳಿಕೊಂಡ ಆ ಸಂಸ್ಥೆಯು ೨೦೦೮ರಲ್ಲಿ ಸುಮಾರು ೫,೨೦೦ ಕೋಟಿ ಡಾಲರಿಗೆ ಬೆಲ್ಜಿಯಮಿನ ಇನ್‌ಬೆವ್ ಕಂಪನಿಯ ಪಾಲಾಯಿತು. ಅಷ್ಟರಲ್ಲಿ ಶೇರುಗಳ ಬಹುಭಾಗವು ಪರರ ಕೈಯಲ್ಲಿದ್ದುದರಿಂದ ಮಾರಾಟವನ್ನು ತಡೆಯುವ ಶಕ್ತಿಯು ಮನೆತನಕ್ಕೆ ಉಳಿದಿರಲಿಲ್ಲ.

ಮದ್ಯದ ಗುಣದೋಷಗಳ ವಿಚಾರ ಬೇರೆ. ಮಾಡುವ ಕೆಲಸದ ಒಳಮರ್ಮವನ್ನು ಅರಿತವನು ಒಂದು ಬಾಗಿಲು ಮುಚ್ಚಿದರೂ ಉಪವಾಸ ಬೀಳುವುದಿಲ್ಲವೆಂಬುದನ್ನು ಪರದೇಶದಲ್ಲಿ ಗುಮಾಸ್ತನಾಗಿ ಆರಂಭಿಸಿದವನ ಕಾರಖಾನೆಯು ತೋರಿಸಿಕೊಟ್ಟಿತು. ಊರು ಬಿಟ್ಟು ದುಡಿಯುವ ನಾವು ಈ ಕಥೆಯಿಂದ ಇಷ್ಟನ್ನು ಉಳಿಸಿಕೊಂಡರೆ ಸಾಕು.