ಸಿಂಹಳದ ಬೆಟ್ಟದಲ್ಲಿ ಬೇಕರನ ಬೇಸಾಯ

ನೈಲ್ ನದಿಯ ಮೂಲವನ್ನರಸಿ ಹೋದ ಸಾಹಸಿಗಳಲ್ಲಿ ಸರ್ ಸಾಮ್ಯುಯೆಲ್ ವೈಟ್ ಬೇಕರನ ಹೆಸರು ಪ್ರಸಿದ್ಧವಾದುದು. ಆದರೆ ಆಫ್ರಿಕಾಕ್ಕೆ ಕಾಲಿಡುವ ಮೊದಲು ಆತ ಸಿಂಹಳದ ಬೆಟ್ಟದ ಮೇಲೆ ಒಂದು ಇಂಗ್ಲಿಷ್ ಹಳ್ಳಿಯನ್ನೇ ನೆಡಲು ಹೊರಟಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಪರದೇಶದಲ್ಲಿ ನೆಲೆಯೂರುವುದೆಂದರೇನು ಎಂಬುದನ್ನು ಆತನ ಬಾಳಿನ ಈ ಭಾಗದಿಂದ ಚೆನ್ನಾಗಿ ತಿಳಿಯಬಹುದೆಂದು ನಮ್ಮ ಅಭಿಪ್ರಾಯ.

ಬೇಕರ್ ಹುಟ್ಟಿದ್ದು 1821ರ ಜೂನ್ 8ರಂದು, ಲಂಡನಿನಲ್ಲಿ. ತಂದೆ ಹಡಗುಗಳ ಒಡೆಯನಾಗಿದ್ದ ಶ್ರೀಮಂತ ವರ್ತಕ. ಜಮೈಕಾ ಮತ್ತು ಮಾರಿಷಸ್ ದ್ವೀಪಗಳಲ್ಲಿ ಕಬ್ಬಿನ ತೋಟಗಳಿದ್ದವು. 1843ರಲ್ಲಿ ಹೆನ್ರಿಯೆಟ್ಟಾ ಮಾರ್ಟಿನಳನ್ನು ಮದುವೆಯಾದ ಬೇಕರ್, ಮುಂದೆ ಮಾರಿಷಸಿನ ತೋಟ ನೋಡಿಕೊಳ್ಳಲು ಹೋದನು. ಅಲ್ಲಿ ಮನಸ್ಸು ನಿಲ್ಲಲಿಲ್ಲ. ಬೇಟೆಯ ಹುಚ್ಚು ಆತನನ್ನು 1846ರಲ್ಲಿ ಸಿಂಹಳಕ್ಕೆ ಎಳೆದು ತಂದಿತು.

ತಗ್ಗಿನ ಕಾಡುಗಳಲ್ಲಿ ಅಲೆದು ಚಳಿಜ್ವರಕ್ಕೆ ತುತ್ತಾದ ಬೇಕರ್, ಸುಧಾರಿಸಿಕೊಳ್ಳಲೆಂದು ನುವರ ಎಲಿಯಕ್ಕೆ ಬಂದನು. ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಮೇಲಿನ ತಂಪು ಸ್ಥಳವದು. ನಮ್ಮವರಿಗೆ ಹೇಳುವುದಾದರೆ ಉದಕಮಂಡಲದ ತಂಗಿ ಎನ್ನಬಹುದು. ಕೆಲವೇ ದಿನಗಳಲ್ಲಿ ಮೈ ಗಟ್ಟಿಯಾಯಿತು. ಇಂತಹ ಹವೆಯಲ್ಲಿ ಇಂಗ್ಲಿಷರು ಏಕೆ ಬೇಸಾಯ ಮಾಡಿಕೊಂಡು ಇರಬಾರದು ಎಂಬ ಯೋಚನೆ ತಲೆಗೆ ಹೊಕ್ಕಿತು.

ಭೂಮಿ ಸಿಗುವುದು ಕಷ್ಟವಿರಲಿಲ್ಲ. ಒಡೆತನ ಸ್ಥಾಪಿಸಲಾಗದ ಕಾಡು ಮತ್ತು ಬೀಳುಭೂಮಿಯೆಲ್ಲ ಸರಕಾರದ್ದೆಂದು 1840ರ ಕಾನೂನು ಸಾರಿತ್ತು. ಕಾಗದ ಪತ್ರವಿಲ್ಲದೆ ತಲೆಮಾರುಗಳಿಂದ ಅನುಭವಿಸಿಕೊಂಡು ಬಂದಿದ್ದ ಹಳ್ಳಿಗರು ಕಳೆದುಕೊಂಡುದನ್ನು ಹಣವಿದ್ದ ಬಿಳಿಯರು ಎಕ್ರೆಗಟ್ಟಲೆ ಕೊಂಡರು. ಆ ಕಾಲದ ವಲಸೆಯ ಅಡಿಪಾಯ ಇದೇ ಎಂಬುದನ್ನು ನಾವು ಮರೆಯುವಂತಿಲ್ಲ.

ಇಂಗ್ಲೆಂಡಿಗೆ ಮರಳಿದ ಬೇಕರ್ 1848ರಲ್ಲಿ ಸಕಲ ಸಿದ್ಧತೆ ಮಾಡಿಕೊಂಡನು. ಹಡಗಿಗೆ ಹತ್ತಿಸಿದವರಲ್ಲಿ ತೋಟದ ಮೇಲ್ವಿಚಾರಕನ ಸಂಸಾರ, ಕಮ್ಮಾರ, ಕುದುರೆಯಾಳು ಎಲ್ಲರೂ ಇದ್ದರು. ಜೊತೆಗೆ ನೇಗಿಲು ಮುಂತಾದ ಸಲಕರಣೆ, ಬಿತ್ತನೆ ಬೀಜ, ಜಾತಿಕುದುರೆ, ಬೇಟೆನಾಯಿ, ಟಗರು, ಡರ್ಹಮ್ ತಳಿಯ ಒಂದು ದನ. ಸಹೋದರ ಜಾನ್ ಸಹ ಸಂಸಾರ ಸಮೇತ ಜೊತೆಗೂಡಿದನು.

ಕೊಲಂಬೊದಿಂದ ಬೆಟ್ಟದ ತುದಿಗೆ ಸುಮಾರು 115 ಮೈಲಿ. ಕಡಲು ದಾಟಿದವರಿಗೆ ಈ ಘಟ್ಟ ಹತ್ತುವುದೇ ದೊಡ್ಡ ಪರೀಕ್ಷೆಯಾಯಿತು. ಕುದುರೆಯಾಳಿನ ಅಜಾಗರೂಕತೆಯಿಂದ ಗಾಡಿ ಕುದುರೆಗಳ ಸಮೇತ ಕಂದಕಕ್ಕೆ ಉರುಳಿತು. ಅದನ್ನು ಎತ್ತಲು ಕಳುಹಿಸಿದ ಆನೆಯನ್ನು ಅದೇ ಆಳು ಸಿಕ್ಕಾಪಟ್ಟೆ ಓಡಿಸಿ ಕೊಂದನು. ಆಸೆಪಟ್ಟು ತಂದ ದನ ಮೇಲೆ ತಲುಪದೆ ದಾರಿಯಲ್ಲೇ ಸತ್ತಿತು.

ಹೊಲದ ಕತೆಯೂ ಹೀಗೆಯೇ. ಮುಗಿಲು ಮುಟ್ಟುವ ಮರಗಳಿರುವಲ್ಲಿ ಮಣ್ಣು ಫಲವತ್ತಾಗಿರಲೇಬೇಕೆಂದು ಬೇಕರ್ ನಂಬಿದ್ದನು. ಮರ ಕಡಿದು, ಬೇರು ಕಿತ್ತು, ನೇಗಿಲು ಹೂಡಿದ ಮೇಲೆ ನಿಜ ತಿಳಿಯಿತು. ಓಟ್ಸ್ ಪೈರನ್ನು ಕಡವೆ, ಕಾಡುಹಂದಿಗಳು ಮುಗಿಸಿದವು. ಆಲೂಗಡ್ಡೆಯನ್ನು ಹುಳ ತಿಂದಿತು. ವಿಷದ ಸೊಪ್ಪು ಮೇದು ಕುರಿಗಳು ಸತ್ತವು, ರೋಗ ಬಂದು ಎತ್ತುಗಳು ಸತ್ತವು. ಕುಮೇರಿ ಬೇಸಾಯ ಕಂಡ ನಮ್ಮ ಹಿರಿಯರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಮಳೆಕಾಡಿನ ಸಾರವಿರುವುದು ಉದುರಿದ ಎಲೆಯ ಪದರದಲ್ಲಿ. ಮರ ಹೋದರೆ ಮಳೆ ಅದನ್ನು ತೊಳೆದೊಯ್ಯುತ್ತದೆ. ಸಿಂಹಳದ ರೈತರೂ ಕಾಡು ಸುಟ್ಟು ಒಂದೆರಡು ಬೆಳೆ ತೆಗೆದು ಆ ನೆಲವನ್ನು ಬಿಡುತ್ತಿದ್ದುದು ಸೋಮಾರಿತನದಿಂದಲ್ಲ.

ಬೇಕರ್ ಧೃತಿಗೆಡಲಿಲ್ಲ. ಹಟ್ಟಿಗೊಬ್ಬರ ಹಾಕಿಸಿದನು, ನೀರು ಬಸಿಯಲು ಕಾಲುವೆ ತೋಡಿಸಿದನು. ನಿಧಾನವಾಗಿ ನೆಲ ಹದಕ್ಕೆ ಬಂತು, ತರಕಾರಿ ಬೆಳೆಯಿತು, ಬಿಯರ್ ತಯಾರಿಕೆಯೂ ಶುರುವಾಯಿತು. ಆದರೆ ಬಿಡುವಿನಲ್ಲೆಲ್ಲ ಬೇಟೆಯೇ. ಆತನ ಕೋವಿಗೆ ಬಲಿಯಾದ ಆನೆಗಳು ಒಂದೆರಡಲ್ಲ. ಆ ಕಾಲದಲ್ಲಿ ಅದನ್ನು ಪರಾಕ್ರಮವೆಂದರು. ಇಂದು ನಾವು ಹಾಗೆನ್ನಲಾರೆವು.

ಮನೆಯೊಳಗಿನ ನಷ್ಟ ಇದಕ್ಕಿಂತ ದೊಡ್ಡದು. ದಂಪತಿಗಳ ಕೆಲವು ಮಕ್ಕಳು ಎಳೆವೆಯಲ್ಲೇ ತೀರಿಕೊಂಡರು. ನಾಲ್ವರು ಹೆಣ್ಣುಮಕ್ಕಳು ಉಳಿದರು. ಆರೋಗ್ಯ ಕೆಟ್ಟ ಬೇಕರ್ 1855ರಲ್ಲಿ ಸಂಸಾರದೊಂದಿಗೆ ಇಂಗ್ಲೆಂಡಿಗೆ ಹಿಂತಿರುಗಿದನು. ಅದೇ ವರ್ಷದ ಕೊನೆಯಲ್ಲಿ ಹೆನ್ರಿಯೆಟ್ಟಾ ವಿಷಮಜ್ವರದಿಂದ ನಿಧನಳಾದಳು. ಸಿಂಹಳದ ಅನುಭವಗಳ ಆತನ ಪುಸ್ತಕ ಹೊರಬಂದುದೂ ಅದೇ ವರ್ಷ.

ಮುಂದಿನದು ಲೋಕಪ್ರಸಿದ್ಧ. ಎರಡನೆಯ ಸಂಗಾತಿ ಫ್ಲಾರೆನ್ಸಳೊಂದಿಗೆ 1864ರ ಮಾರ್ಚ್ 14ರಂದು ಆಫ್ರಿಕಾದ ಆಲ್ಬರ್ಟ್ ಸರೋವರ ಕಂಡನು. 1866ರಲ್ಲಿ ಸರ್ ಪದವಿ ಬಂತು. 1869ರಿಂದ 1873ರ ತನಕ ಈಜಿಪ್ಟಿನ ದೊರೆಯ ಪರವಾಗಿ ಮೇಲಣ ನೈಲ್ ಪ್ರದೇಶದಲ್ಲಿ ಗುಲಾಮರ ವ್ಯಾಪಾರವನ್ನಡಗಿಸುವ ಕಾರ್ಯದಲ್ಲಿದ್ದನು. 1893ರ ಡಿಸೆಂಬರ್ 30ರಂದು ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಕೊನೆಯುಸಿರೆಳೆದನು.

ನುವರ ಎಲಿಯ ಈಗ ಚಹಾ ಮತ್ತು ತರಕಾರಿಯ ನಾಡು. ಸಿಂಹಳದ ತೋಟಗಳಲ್ಲಿ ದುಡಿಯಲು ದಕ್ಷಿಣ ಭಾರತದಿಂದ ತಮಿಳು ಕೂಲಿಗಳು ಸಾವಿರಗಟ್ಟಲೆ ಹೋದರು. ಅವರಿಗೆ ಹಡಗು ತುಂಬ ಸಾಮಾನಿರಲಿಲ್ಲ, ಬೇಸರವಾದಾಗ ಮರಳುವ ಅನುಕೂಲವೂ ಇರಲಿಲ್ಲ. ಬೇಕರ್ ಎಂಟು ವರ್ಷಗಳ ಬಳಿಕ ಊರಿಗೆ ಹೋದನು. ಅವರ ಮೊಮ್ಮಕ್ಕಳು ಮರಿಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಆ ಬೆಟ್ಟಗಳಲ್ಲಿ ನಿಜವಾಗಿ ನೆಲೆಯೂರಿದವರು ಅವರೇ ಎಂದು ನಾವು ಹೇಳಬೇಕಾಗುತ್ತದೆ.