ಕ್ಲಾರೆನ್ಸ್ ಕಿಂಗನ ಎರಡು ಬಾಳುಗಳು

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಭೂಗರ್ಭಶಾಸ್ತ್ರಕ್ಕೆ ಸರಕಾರದ ಮನ್ನಣೆಯನ್ನು ದೊರಕಿಸಿದವರಲ್ಲಿ ಕ್ಲಾರೆನ್ಸ್ ಕಿಂಗನು ಅಗ್ರಗಣ್ಯನು. ವಜ್ರಗಳ ಒಂದು ದೊಡ್ಡ ಮೋಸವನ್ನು ಬಯಲಿಗೆಳೆದು ಆತನು ದೇಶದಲ್ಲೆಲ್ಲ ಹೆಸರಾದನು. ಅದೇ ಮನುಷ್ಯನು ತನ್ನ ಬಾಳಿನ ಕೊನೆಯ ಹದಿಮೂರು ವರ್ಷಗಳಲ್ಲಿ ಒಂದು ಮನೆಯೊಳಗೆ ಸುಳ್ಳು ಹೆಸರಿನಿಂದ ಬಾಳಿದನು. ಆತನ ಚರಿತ್ರೆಯನ್ನು ಬರೆಯುವವರು ಇವೆರಡರಲ್ಲಿ ಒಂದನ್ನು ಹೇಳಿ ಮತ್ತೊಂದನ್ನು ಬಿಡಲಾಗದೆಂದು ನಾವು ತಿಳಿಯುತ್ತೇವೆ.

ಕಿಂಗನು 1842ರ ಜನವರಿ 6ರಂದು ರೋಡ್ ಐಲೆಂಡಿನ ನ್ಯೂಪೋರ್ಟಿನಲ್ಲಿ ಜನಿಸಿದನು. ಚೀನದಲ್ಲಿ ವ್ಯಾಪಾರಮಾಡುತ್ತಿದ್ದ ತಂದೆಯು 1848ರಲ್ಲಿ ಅಲ್ಲಿಯೇ ತೀರಿಕೊಂಡನು. ಮುಂದೆ ತಾಯಿಯನ್ನು ನೋಡಿಕೊಳ್ಳುವ ಭಾರವು ಮಗನ ಮೇಲೆ ಬಿದ್ದು, ಕೊನೆಯವರೆಗೂ ಇಳಿಯಲಿಲ್ಲ. ಯೇಲ್ ವಿದ್ಯಾಲಯದಲ್ಲಿ 1862ರಲ್ಲಿ ಪದವಿಯನ್ನು ಪಡೆದು, ಮರುವರ್ಷ ಮಿತ್ರನಾದ ಜೇಮ್ಸ್ ಗಾರ್ಡಿನರನೊಡನೆ ಬಯಲುಸೀಮೆಯನ್ನು ದಾಟಿ ಕ್ಯಾಲಿಫೋರ್ನಿಯವನ್ನು ಸೇರಿದನು. ಅಲ್ಲಿ ಜೋಸೈಯ ವ್ಹಿಟ್ನಿಯ ಮೇಲ್ವಿಚಾರಣೆಯಲ್ಲಿ ಭೂಗರ್ಭ ಸಮೀಕ್ಷೆ ನಡೆದಿದ್ದಿತು. ಕಿಂಗನು ಸಂಬಳವಿಲ್ಲದೆಯೇ ಅದರಲ್ಲಿ ಕೆಲಸಕ್ಕೆ ನಿಂತನು.

1864ರ ಜುಲೈಯಲ್ಲಿ ರಿಚರ್ಡ್ ಕಾಟರನೆಂಬ ಸಂಗಾತಿಯೊಡನೆ ಆತನು ಸಿಯೆರಾ ನೆವಾಡ ಶ್ರೇಣಿಯ ಒಂದು ಶಿಖರವನ್ನು ಏರಿದನು. ಅದಕ್ಕೆ ಟಿಂಡಲ್ ಎಂದು ಹೆಸರಾಯಿತು. ಅದೇ ಅತ್ಯುನ್ನತವಿರಬಹುದೆಂದು ಹತ್ತಿದ್ದವರಿಗೆ ಮೇಲೆ ನಿಂತು ನೋಡಿದಾಗ ದಕ್ಷಿಣಕ್ಕೆ ಇನ್ನೂ ಎತ್ತರದ ಶಿಖರವು ಕಾಣಿಸಿತು. ಅದಕ್ಕೆ ತಮ್ಮ ಮುಖ್ಯಸ್ಥನಾದ ವ್ಹಿಟ್ನಿಯ ಹೆಸರನ್ನಿಟ್ಟರು. ಅದನ್ನು ಏರುವ ಪ್ರಯತ್ನವು ಆ ವರ್ಷ ಫಲಿಸಲಿಲ್ಲ. 1871ರಲ್ಲಿ ಮೋಡ ಕವಿದ ದಿನ ಕಿಂಗನು ಒಂದು ಶಿಖರವನ್ನೇರಿ, ವ್ಹಿಟ್ನಿಯು ಕೈವಶವಾಯಿತೆಂದು ನಂಬಿದನು; ಮರುವರ್ಷ ಪ್ರಕಟವಾದ ತನ್ನ ಪರ್ವತಾರೋಹಣದ ಪುಸ್ತಕದಲ್ಲಿಯೂ ಹಾಗೆಯೇ ಬರೆದನು. ಆತನು ಏರಿದ್ದುದು ಇಂದು ಲ್ಯಾಂಗ್ಲಿ ಎನ್ನಿಸಿಕೊಳ್ಳುವ ನೆರೆಯ ಶಿಖರವಾಗಿದ್ದಿತು! 1873ರಲ್ಲಿ ಈ ತಪ್ಪು ಬಹಿರಂಗವಾದೊಡನೆ ಕಿಂಗನು ದೂರದಿಂದ ಧಾವಿಸಿ ಬಂದು, ಸೆಪ್ಟೆಂಬರ್ 19ರಂದು ನಿಜವಾದ ವ್ಹಿಟ್ನಿಯ ನೆತ್ತಿಯಲ್ಲಿ ನಿಂತನು. ಆದರೆ ಒಂದು ತಿಂಗಳ ಮುಂಚೆಯೇ ಮೀನು ಹಿಡಿಯಲು ಬಂದಿದ್ದ ಮೂವರು ಅಲ್ಲಿಗೆ ಹೋಗಿ ಬಂದಿದ್ದರು. ಪುಸ್ತಕದ 1874ರ ಆವೃತ್ತಿಯಲ್ಲಿ ಆತನು ತನ್ನ ತಪ್ಪನ್ನು ಒಪ್ಪಿಕೊಂಡನು.

ಇದಕ್ಕೂ ಮೊದಲು, 1867ರಲ್ಲಿ, ಇಪ್ಪತ್ತೈದು ವರ್ಷದ ಈ ತರುಣನಿಗೆ ಸರಕಾರವು ನಲವತ್ತನೆಯ ಅಕ್ಷಾಂಶದ ಗುಂಟ ಸುಮಾರು ನೂರು ಮೈಲು ಅಗಲದ ಪಟ್ಟಿಯನ್ನು ಶೋಧಿಸುವ ಕಾರ್ಯವನ್ನು ಒಪ್ಪಿಸಿದ್ದಿತು. ಆ ಕೆಲಸದ ನಡುವೆಯೇ ವಜ್ರಗಳ ಸುದ್ದಿಯು ಬಂದಿತು. ಫಿಲಿಪ್ ಆರ್ನಾಲ್ಡ್ ಮತ್ತು ಜಾನ್ ಸ್ಲ್ಯಾಕ್ ಎಂಬ ಇಬ್ಬರು ತಮಗೆ ವಜ್ರದ ನೆಲವು ದೊರೆತಿದೆಯೆಂದು ಸ್ಯಾನ್‌ಫ್ರಾನ್ಸಿಸ್ಕೋದ ಧನಿಕರನ್ನು ನಂಬಿಸಿದ್ದರು. ಹೆಸರಾಂತ ಗಣಿ ಇಂಜಿನಿಯರನೊಬ್ಬನು ಸ್ಥಳವನ್ನು ಕಂಡು ಪ್ರಮಾಣಪತ್ರವನ್ನೂ ಕೊಟ್ಟಿದ್ದನು. ಸ್ಥಳವು ಗುಪ್ತವಾಗಿದ್ದಿತು. ಕಿಂಗನೂ ಸಹಾಯಕರೂ ಕೇಳಿದ ಸುಳಿವುಗಳಿಂದ ಅದನ್ನು ಊಹಿಸಿ, 1872ರ ಶರತ್ಕಾಲದ ಕೊರೆಯುವ ಚಳಿಯಲ್ಲಿ ಕೊಲೊರಾಡೋದ ವಾಯವ್ಯ ಮೂಲೆಯನ್ನು ತಲುಪಿದರು. ಮೊದಲ ದಿನ ಹರಳುಗಳು ಸಿಕ್ಕಿ ಎಲ್ಲರೂ ಹಿಗ್ಗಿದರು. ಆದರೆ ವಜ್ರಮಾಣಿಕ್ಯಗಳು ಎಲ್ಲೆಲ್ಲಿಯೂ ಒಂದೇ ಪ್ರಮಾಣದಲ್ಲಿ ದೊರೆಯುತ್ತಿದ್ದುದು ಕಿಂಗನಿಗೆ ಸಂಶಯವನ್ನು ತಂದಿತು. ಹರಳಿದ್ದ ಇರುವೆಗೂಡುಗಳ ಪಕ್ಕಕ್ಕೆ ಕಡ್ಡಿಯಿಂದ ಚುಚ್ಚಿದ ತೂತು ಇರುತ್ತಿದ್ದಿತು. ತೂತಿಲ್ಲದ ಗೂಡಿನಲ್ಲಿ ಹರಳೂ ಇರಲಿಲ್ಲ. ಯಾರೂ ಮುಟ್ಟದ ನೆಲವನ್ನು ಬಂಡೆಯವರೆಗೆ ಅಗೆದು ಜರಡಿಹಿಡಿದರೂ ಒಂದು ಕಣವೂ ಸಿಕ್ಕಲಿಲ್ಲ. ಆತನು ಸ್ಯಾನ್‌ಫ್ರಾನ್ಸಿಸ್ಕೋಕ್ಕೆ ಹೋಗಿ ಕಂಪನಿಯವರ ಮುಂದೆ ಇದನ್ನೆಲ್ಲ ಇಟ್ಟನು. ನವೆಂಬರಿನಲ್ಲಿ ಪತ್ರಿಕೆಗಳು ಸುದ್ದಿಯನ್ನು ಪ್ರಕಟಿಸಿದವು. ಹರಳುಗಳು ಹಣ ಕೊಟ್ಟು ಕೊಂಡುತಂದು ಬಿತ್ತಿದ ಅಗ್ಗದ ಮಾಲಾಗಿದ್ದವು.

1879ರಲ್ಲಿ ರಾಷ್ಟ್ರೀಯ ಭೂಗರ್ಭ ಸಮೀಕ್ಷಾ ಇಲಾಖೆಯು ಸ್ಥಾಪನೆಯಾದಾಗ ಕಿಂಗನೇ ಅದರ ಪ್ರಥಮ ನಿರ್ದೇಶಕನಾದನು. ಎರಡು ವರ್ಷಗಳಲ್ಲಿ ಹುದ್ದೆಯನ್ನು ಬಿಟ್ಟು, ಗಣಿಗಳಲ್ಲಿ ಐಶ್ವರ್ಯವನ್ನರಸಹೊರಟನು. ಇದು ಆತನ ದೊಡ್ಡ ಪ್ರಮಾದವೆಂಬುದು ನಮ್ಮ ಅಭಿಪ್ರಾಯ. ಐಶ್ವರ್ಯವು ಬರಲಿಲ್ಲ, ಸಾಲವು ಬಂದಿತು. ಜಾನ್ ಹೇಯಂತಹ ಮಿತ್ರರು ಪುನಃಪುನಃ ಕೈಹಿಡಿದರು.

1888ರಲ್ಲಿ ನ್ಯೂಯಾರ್ಕಿನಲ್ಲಿ ಆತನು ಏಡಾ ಕೋಪ್‌ಲ್ಯಾಂಡ್ ಎಂಬಾಕೆಯನ್ನು ವಿವಾಹವಾದನು. ಆಕೆಯು ಜಾರ್ಜಿಯದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ನಗರಕ್ಕೆ ಬಂದು ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಕಪ್ಪು ಜನಾಂಗದ ತರುಣಿ. ಬಿಳಿಯ ಮೈಬಣ್ಣದ, ನೀಲಿಗಣ್ಣಿನ ಕಿಂಗನು ತಾನು ಕಪ್ಪು ಜನಾಂಗದವನೆಂದೂ, ಹೆಸರು ಜೇಮ್ಸ್ ಟಾಡ್ ಎಂದೂ, ರೈಲುಗಳ ಪುಲ್‌ಮನ್ ಡಬ್ಬಿಗಳಲ್ಲಿ ಪರಿಚಾರಕನೆಂದೂ ಹೇಳಿಕೊಂಡನು. ಪೂರ್ವಜರಲ್ಲಿ ಒಬ್ಬರು ಕಪ್ಪು ಜನರಾದರೂ ಸಾಕು, ಸಂತಾನವೆಲ್ಲ ಕಪ್ಪೆಂದೇ ಅಲ್ಲಿಯ ಸಮಾಜವು ಎಣಿಸುತ್ತಿದ್ದುದರಿಂದ ಆ ಮಾತು ನಂಬುವಂತಿದ್ದಿತು. ವಾರಗಟ್ಟಲೆ ಮನೆಯಲ್ಲಿಲ್ಲದಿದ್ದುದಕ್ಕೆ ರೈಲಿನ ಕೆಲಸವೇ ನೆಪವಾಯಿತು. ಐದು ಮಕ್ಕಳು ಹುಟ್ಟಿದರು. ಕ್ಲಬ್ಬುಗಳ ಕಿಂಗನನ್ನು ಬಲ್ಲ ಗೆಳೆಯರು ಟಾಡನನ್ನು ಅರಿಯರು. ಟಾಡನ ಹೆಂಡತಿಯು ಕಿಂಗನನ್ನು ಅರಿಯಳು. ಹೊರಗೆ ತಿಳಿದರೆ ಅಂದಿನ ಸಮಾಜವು ಆತನನ್ನು ಹೊರಹಾಕುತ್ತಿದ್ದಿತೆಂಬುದು ನಿಜ. ಆದರೆ ಆ ಭಯದ ಬೆಲೆಯನ್ನು ತೆತ್ತವಳು ಏಡಾ ಎಂಬುದೂ ನಿಜ.

1893ರಲ್ಲಿ ಕಿಂಗನು ಭೂಮಿಯ ವಯಸ್ಸನ್ನು ಎರಡು ಕೋಟಿ ನಲವತ್ತು ಲಕ್ಷ ವರ್ಷಗಳೆಂದು ಗಣಿಸಿದನು. ಇಂದಿನ ಗಣನೆ ಸುಮಾರು 454 ಕೋಟಿ. ಅದೇ ವರ್ಷ ಮನಸ್ಸು ಕೆಟ್ಟು ಕೆಲಕಾಲ ಆಸ್ಪತ್ರೆಯಲ್ಲಿರಬೇಕಾಯಿತು. ನಂತರ ಕ್ಷಯರೋಗವು ಹಿಡಿಯಿತು. 1901ರಲ್ಲಿ, ಸಾವು ಸಮೀಪಿಸಿದಾಗ, ಅರಿಜೋನದಿಂದ ಬರೆದ ಪತ್ರದಲ್ಲಿ ಹೆಂಡತಿಗೆ ತನ್ನ ನಿಜವಾದ ಹೆಸರನ್ನು ತಿಳಿಸಿದನು. ಡಿಸೆಂಬರ್ 24ರಂದು ಫೀನಿಕ್ಸಿನಲ್ಲಿ ನಿಧನನಾದನು.

ಗಂಡನು ತನಗಾಗಿ ಹಣವನ್ನಿಟ್ಟುಹೋಗಿದ್ದಾನೆಂದು ಏಡಾ ನಂಬಿದ್ದಳು. ತಿಂಗಳು ತಿಂಗಳಿಗೆ ಏನೋ ಬರುತ್ತಲೂ ಇದ್ದಿತು. 1933ರಲ್ಲಿ ಮೊಕದ್ದಮೆಯು ವಿಚಾರಣೆಗೆ ಬಂದಾಗ, ಅಂತಹ ನಿಧಿಯೇ ಇರಲಿಲ್ಲವೆಂದೂ, ಬರುತ್ತಿದ್ದ ಹಣವು ಹೇ ಮನೆತನದ್ದೆಂದೂ ಗೊತ್ತಾಯಿತು. ಆಕೆಯು ಮೊಕದ್ದಮೆಯನ್ನು ಸೋತಳು. ಗಂಡನ ತರುವಾಯ ಅರವತ್ತೆರಡು ವರ್ಷ ಬಾಳಿ, 1964ರಲ್ಲಿ ತೀರಿಕೊಂಡಳು.